ಪಾಠಕ್ಕಷ್ಟೇ ಕನ್ನಡ ಸಾಕೇ?

ಶಾಲಾ ಗ್ರಂಥಾಲಯಕ್ಕೆ ಪುಸ್ತಕ ಕೊಳ್ಳುವುದು ನಮ್ಮ ಹಲವು ಶಾಲೆಗಳಲ್ಲಿ ಮಾರ್ಚ್ ತಿಂಗಳ ಕೊನೆಯ ವಾರದ ಕೆಲಸವಾಗಿಬಿಟ್ಟಿದೆ. ಅನುದಾನ ಬರುವುದು ತಡ. ಬಂದ ಹಣವನ್ನು ವರ್ಷ ಮುಗಿಯುವ ಮೊದಲು ಖರ್ಚು ಮಾಡಿ ಲೆಕ್ಕ ಒಪ್ಪಿಸುವ ಅವಸರ ಬೇರೆ. ಹಾಗಾಗಿ ಸಿಕ್ಕಿದ ಕಟ್ಟನ್ನು ತಂದು, ದಾಖಲೆ ಪುಸ್ತಕದಲ್ಲಿ ಬರೆದು, ಬೀರುವಿನೊಳಗಿಟ್ಟು ಬೀಗ ಹಾಕುತ್ತೇವೆ. ಆ ಕಟ್ಟಿನಲ್ಲಿ ಕನ್ನಡ ಪುಸ್ತಕಗಳೆಷ್ಟು, ಅವುಗಳಲ್ಲಿ ಮಕ್ಕಳು ತಾವಾಗಿ ಕೈಗೆತ್ತಿಕೊಳ್ಳುವಂಥವು ಎಷ್ಟು ಎಂದು ಕೇಳುವವರು ವಿರಳ.

ಕರ್ನಾಟಕದೊಳಗಿನ ಶಾಲೆಗೂ ಇದು ನಷ್ಟವೇ. ಆದರೆ ಅಲ್ಲಿಯ ಮಗುವಿಗೆ ಬಸ್ಸಿನ ಫಲಕ, ಅಂಗಡಿಯ ಹೆಸರು, ದಿನಪತ್ರಿಕೆ ಎಲ್ಲವೂ ಕನ್ನಡ ಕಲಿಸುತ್ತವೆ. ಮಂಜೇಶ್ವರದ, ತಾಳವಾಡಿಯ, ಅಕ್ಕಲಕೋಟೆಯ, ಮಡಕಶಿರದ ಮಗುವಿನ ಸ್ಥಿತಿ ಬೇರೆ. ಅದಕ್ಕೆ ಕನ್ನಡದ ಅಕ್ಷರ ಕಾಣುವುದು ಹೆಚ್ಚಾಗಿ ಶಾಲೆಯಲ್ಲಿಯೇ. ಅಲ್ಲಿಯೂ ಸಿಗುವುದು ಪಠ್ಯಪುಸ್ತಕ ಮಾತ್ರವಾದರೆ ಕನ್ನಡ ಪರೀಕ್ಷೆಯ ಭಾಷೆಯಾಗುತ್ತದೆ. ನಗುವ, ಬೆರಗಾಗುವ, ಕಥೆ ಕೇಳುವ ಭಾಷೆ ಇನ್ನೊಂದಾಗುತ್ತದೆ. ಸಂತೋಷ ಎಲ್ಲಿದೆಯೋ ಮಗು ಅಲ್ಲಿಗೆ ಹೋಗುತ್ತದೆ. ಮುಂದೆ ಮಾಧ್ಯಮ ಬದಲಿಸುವ ಮಾತು ಮನೆಯಲ್ಲಿ ಬಂದಾಗ ಆ ಮಗು ಕನ್ನಡದ ಪರವಾಗಿ ಏನು ಹೇಳೀತು?

ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಹೇಳುತ್ತದೆ. 1956ರ ಏಳನೆಯ ತಿದ್ದುಪಡಿಯಿಂದ ಬಂದ ವಿಧಿ ಇದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಪ್ರತಿ ಶಾಲೆಯಲ್ಲೂ ಗ್ರಂಥಾಲಯವಿರಬೇಕು. ಅದರಲ್ಲಿ ಕಥೆಪುಸ್ತಕಗಳೂ ಇರಬೇಕು. ಎರಡನ್ನೂ ಸೇರಿಸಿ ಓದಿದರೆ, ಕನ್ನಡ ಮಾಧ್ಯಮ ಶಾಲೆಗೆ ಕನ್ನಡದ ಕಥೆಪುಸ್ತಕ ಕೊಡಿ ಎಂದು ಕೇಳುವುದು ನಮ್ಮ ಹಕ್ಕಿನ ಮಾತೇ ಹೊರತು ಯಾಚನೆಯಲ್ಲ. ಆದರೆ ಯಾವ ಪುಸ್ತಕ ಬೇಕೆಂದು ಅಧಿಕಾರಿಗಳು ಕೇಳಿದರೆ ನಮ್ಮ ಬಳಿ ಪಟ್ಟಿ ಇರಬೇಕು. ಪಟ್ಟಿ ಮಾಡುವುದಕ್ಕೆ ನಮಗೊಂದು ವಿವೇಚನೆ ಇರಬೇಕು. ಪ್ರಕೃತಿ, ಗೆಳೆತನ, ಹೊರಜಗತ್ತು ಎಂಬ ಮೂರು ವಿಷಯಗಳನ್ನಿಟ್ಟುಕೊಂಡು ಇಲ್ಲಿ ಕೆಲವು ಮಾತು ಹೇಳಬಯಸುತ್ತೇವೆ.

ಮೊದಲು ಪ್ರಕೃತಿ. ಹಕ್ಕಿ ಹಾಡಿತು, ಹೂವು ನಕ್ಕಿತು ಎಂದು ಮುಗಿಯುವ ಪುಸ್ತಕಗಳು ಬೇಕಾದಷ್ಟಿವೆ. ಯಾವ ಹಕ್ಕಿ, ಏನು ತಿನ್ನುತ್ತದೆ, ಗೂಡು ಎಲ್ಲಿ ಕಟ್ಟುತ್ತದೆ ಎಂದು ಹೇಳುವವು ಕಡಿಮೆ. ಮಗು ಓದಿ ಮುಗಿಸಿ ಅಂಗಳಕ್ಕೆ ಹೋಗಿ ನೋಡುವಂತೆ ಮಾಡುವುದೇ ಒಳ್ಳೆಯ ಪುಸ್ತಕ. ನಮ್ಮ ಊರುಗಳಲ್ಲಿ ನೋಡುವುದಕ್ಕೇನೂ ಕೊರತೆಯಿಲ್ಲ. ಕಾಸರಗೋಡಿನ ಮುರಕಲ್ಲಿನ ಗುಡ್ಡಗಳಲ್ಲಿ ಅಡ್ಡಕ್ಕೆ ಕೊರೆದು ನೀರು ತೆಗೆಯುವ ಸುರಂಗಗಳಿವೆ. ನೀಲಗಿರಿಯಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಹೂ ಬಿಡುವ ಕುರಿಂಜಿ ಇದೆ. ತಾಳವಾಡಿಯ ಹೊಲಗಳಿಗೆ ಆನೆ ಬರುತ್ತದೆ. ಮರಾಠಿಯಲ್ಲಿ ಮಾಳಢೋಕ ಎನ್ನುವ ದೊಡ್ಡ ಹಕ್ಕಿಗಾಗಿ ಸೊಲ್ಲಾಪುರದ ಹತ್ತಿರದ ನಾನ್ನಜದಲ್ಲಿ 1979ರಲ್ಲಿಯೇ ಅಭಯಾರಣ್ಯವಾಯಿತು. ಪ್ರಕೃತಿಯ ಪುಸ್ತಕ ಎಲ್ಲವನ್ನೂ ಚೆಂದವೆಂದೇ ತೋರಿಸಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಎಣ್ಮಕಜೆಯಂಥ ಊರುಗಳ ಮಕ್ಕಳಿಗೆ, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ತಡೆದದ್ದೇಕೆ ಎಂದು ತಿಳಿಯುವ ಹಕ್ಕಿದೆ. ಹಿರಿಯ ತರಗತಿಗಳಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕಥೆ’ ಇದ್ದೇ ಇದೆ. ಉಪದೇಶ ಮಾಡದೆ ಕಾಡು, ನಾಯಿ, ಹಕ್ಕಿಗಳ ಬಗ್ಗೆ ಕುತೂಹಲ ಹುಟ್ಟಿಸುವ ಬಗೆಗೆ ಅದೊಂದು ಮಾದರಿ.

ಇಲ್ಲಿ ಒಂದು ಸಣ್ಣ ತೊಡಕಿದೆ. ಪುಸ್ತಕದ ಹೆಸರು ಒಂದು, ಮನೆಯ ಹೆಸರು ಇನ್ನೊಂದು. ಸೊಲ್ಲಾಪುರದ ಕಡೆಯ ಶೇಂಗಾ ಮಡಕಶಿರದಲ್ಲಿ ಕಡಲೆಕಾಯಿ, ಕಾಸರಗೋಡಿನಲ್ಲಿ ನೆಲಗಡಲೆ. ಮಗು ತನ್ನ ಮಾತೇ ತಪ್ಪೆಂದು ತಿಳಿಯಬಾರದು. ಪುಟದ ಅಂಚಿನಲ್ಲಿ ಊರಿನ ಹೆಸರನ್ನು ಪೆನ್ಸಿಲಿನಲ್ಲಿ ಬರೆಯಲು ಅಧ್ಯಾಪಕರು ಅನುಮತಿ ಕೊಟ್ಟರೆ ಪುಸ್ತಕ ಕೆಡುವುದಿಲ್ಲ. ಮುಂದಿನ ಓದುಗನಿಗೆ ಎರಡು ಪದ ಸಿಗುತ್ತದೆ.

ಎರಡನೆಯದು ಗೆಳೆತನ. ನಮ್ಮ ಮಕ್ಕಳ ಗೆಳೆಯರಲ್ಲಿ ಮಲಯಾಳ, ತಮಿಳು, ಮರಾಠಿ, ತೆಲುಗು, ಉರ್ದು, ತುಳು, ಕೊಂಕಣಿ ಆಡುವವರಿದ್ದಾರೆ. ಕನ್ನಡದ ಅಭಿಮಾನವನ್ನು ಇನ್ನೊಂದು ಭಾಷೆಯ ಮೇಲಿನ ಸಿಟ್ಟಾಗಿ ಕಲಿಸುವ ಪುಸ್ತಕ ನಮಗೆ ಬೇಡ. ನಾಳೆ ಅದೇ ಗೆಳೆಯನ ಜೊತೆ ಮಗು ಆಟದ ಬಯಲಿಗೆ ಇಳಿಯಬೇಕು. ಕೊನೆಯ ಸಾಲಿನಲ್ಲಿ ನೀತಿ ಹೇಳಿ ಮುಗಿಸುವ ಕಥೆಗಿಂತ, ಇಬ್ಬರು ಮಕ್ಕಳು ಕೂಡಿ ಏನು ಮಾಡಿದರೆಂದು ತೋರಿಸುವ ಕಥೆ ಮೇಲು. ಜಪಾನಿನ ತೆತ್ಸುಕೊ ಕುರೊಯಾನಾಗಿಯವರ ‘ತೊತ್ತೊಚಾನ್’ 1981ರಲ್ಲಿ ಬಂದ ಪುಸ್ತಕ, ಕನ್ನಡಕ್ಕೂ ಅನುವಾದವಾಗಿದೆ. ಪೋಲಿಯೋ ಆದ ಗೆಳೆಯನನ್ನು ಪುಟ್ಟ ಹುಡುಗಿ ಏಣಿ ಹಾಕಿ, ಬೆವರು ಸುರಿಸಿ, ಮರ ಹತ್ತಿಸುವ ಭಾಗವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ ನೋಡಿ. ದಯೆ, ಸಹಾಯ ಎಂಬ ಪದಗಳನ್ನು ನಾವು ಬೋರ್ಡಿನ ಮೇಲೆ ಬರೆಯುವ ಅಗತ್ಯವೇ ಬೀಳದು. ಪ್ರೌಢಶಾಲೆಯ ಮಕ್ಕಳಿಗೆ ವೈಕಂ ಮುಹಮ್ಮದ್ ಬಷೀರರ ‘ಪಾತುಮ್ಮಳ ಆಡು’ ಕನ್ನಡದಲ್ಲಿ ಸಿಗಲಿ. ನೆರೆಭಾಷೆಯ ಮನೆಯೊಳಗನ್ನು ಕನ್ನಡದ ಕಿಟಕಿಯಿಂದ ಕಂಡ ಮಗು ಎರಡನ್ನೂ ಪ್ರೀತಿಸೀತು.

ಮೂರನೆಯದು ಹೊರಜಗತ್ತು. ಜಗತ್ತನ್ನು ತಿಳಿಯಬೇಕಾದರೆ ಇಂಗ್ಲಿಷೇ ಬೇಕು ಎಂಬ ಮಾತನ್ನು ಪಾಲಕರಿಂದ ನಾವೆಲ್ಲ ಕೇಳಿದ್ದೇವೆ. ಶಿವರಾಮ ಕಾರಂತರು 1936ರಲ್ಲಿಯೇ ‘ಬಾಲ ಪ್ರಪಂಚ’ದ ಮೂರು ಸಂಪುಟಗಳಿಂದ ಈ ಮಾತಿಗೆ ಉತ್ತರ ಕೊಟ್ಟಿದ್ದರು. ಆ ಸಾಹಸಕ್ಕೆ ನಮಿಸೋಣ. ಆದರೆ ಹಳೆಯ ಮಾಹಿತಿಯನ್ನು ಇಂದಿನದೆಂದು ಮಕ್ಕಳ ಕೈಗೆ ಕೊಡಬಾರದು. ವಿಜ್ಞಾನ, ಭೂಗೋಳದ ಪುಸ್ತಕ ಕೊಳ್ಳುವಾಗ ಮುದ್ರಣದ ವರ್ಷ ನೋಡಿ. ಗ್ರಹಗಳು ಒಂಬತ್ತು ಎಂದಿದ್ದರೆ ಅದು 2006ಕ್ಕಿಂತ ಹಿಂದಿನ ತಿಳಿವಳಿಕೆ. ಭೂಪಟದಲ್ಲಿ ತೆಲಂಗಾಣ ಇಲ್ಲದಿದ್ದರೆ ಅದು 2014ಕ್ಕಿಂತ ಹಿಂದಿನದು. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ‘ನಮ್ಮ ರಾಜ್ಯ ಕರ್ನಾಟಕ’ ಎಂದು ಆರಂಭಿಸುವ ಪುಸ್ತಕವನ್ನು ಕೊಳ್ಳಬಾರದೆಂದಲ್ಲ. ನಮ್ಮ ಮಗುವಿನ ರಾಜ್ಯ ಬೇರೆ, ಭಾಷೆ ಕನ್ನಡ, ಎರಡೂ ಒಟ್ಟಿಗೆ ಇರಬಹುದೆಂದು ಅಧ್ಯಾಪಕರು ವಿವರಿಸಿ ಕೊಡಬೇಕು.

ಪುಸ್ತಕ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆ ಸಹಜ. 1957ರಲ್ಲಿ ಆರಂಭವಾದ ನ್ಯಾಷನಲ್ ಬುಕ್ ಟ್ರಸ್ಟ್ ನೆಹರೂ ಬಾಲ ಪುಸ್ತಕಾಲಯ ಮಾಲೆಯಲ್ಲಿ ಕನ್ನಡ ಪುಸ್ತಕಗಳನ್ನು ಕಡಿಮೆ ಬೆಲೆಗೆ ತಂದಿದೆ. ನವಕರ್ನಾಟಕ ಪ್ರಕಾಶನದಲ್ಲಿ ಮಕ್ಕಳ ವಿಜ್ಞಾನ ಪುಸ್ತಕಗಳಿವೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ನೂರಾರು ಕನ್ನಡ ಚಿತ್ರಕಥೆಗಳು ಉಚಿತ. ಓದಿನ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತಗಳಲ್ಲಿ ವಿಂಗಡಿಸಲಾಗಿದೆ, ಮುದ್ರಿಸಿಕೊಳ್ಳಲೂ ಅಡ್ಡಿಯಿಲ್ಲ. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂಪಾಯಿಯವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶವಿದೆ. ದೊಡ್ಡ ಮೊತ್ತವಲ್ಲ ನಿಜ. ಆದರೆ ಆರಿಸಿ ಕೊಂಡ ನಲವತ್ತು ಪುಸ್ತಕ, ಆರಿಸದೆ ಕೊಂಡ ನೂರಕ್ಕಿಂತ ಹೆಚ್ಚು ಕೈ ಸೇರುತ್ತವೆ.

ಆರಿಸುವ ಕ್ರಮವೂ ಕಷ್ಟದ್ದೇನಲ್ಲ. ಯಾವುದಾದರೂ ಒಂದು ಪುಟವನ್ನು ಗಟ್ಟಿಯಾಗಿ ಓದಿ. ನಾಲಗೆ ತೊಡರಿದರೆ ಅನುವಾದ ಸರಿಯಿಲ್ಲವೆಂದೇ ಅರ್ಥ. ಅಕ್ಷರದ ಗಾತ್ರ, ಚಿತ್ರ, ಹೊಲಿಗೆ ನೋಡಿ. ನಾಲ್ಕೈದು ಮಕ್ಕಳ ಕೈಗೆ ಕೊಟ್ಟು, ಅವರು ಯಾವುದನ್ನು ಮರಳಿ ಕೇಳುತ್ತಾರೆಂದು ಗಮನಿಸಿ. ಕೊಂಡ ಮೇಲೆ ಬೀರುವಿನ ಬೀಗ ತೆಗೆಯಿರಿ. ಹರಿದೀತೆಂಬ ಹೆದರಿಕೆ ಬೇಡ. ಓದಿ ಹರಿದ ಪುಸ್ತಕದ ಲೆಕ್ಕ ಕೊಡುವುದಕ್ಕೆ ನಾವು ನಾಚಬೇಕಾಗಿಲ್ಲ. ಗೆದ್ದಲು ತಿಂದ ಪುಸ್ತಕದ ಲೆಕ್ಕ ಕೊಡುವುದೇ ಕಷ್ಟ.

ಮಾರ್ಚ್‌ವರೆಗೆ ಕಾಯದೆ, ಪ್ರತಿಯೊಂದು ಶಾಲೆಯೂ ತನ್ನ ಮಕ್ಕಳು ಮೆಚ್ಚಿದ ಹತ್ತು ಕನ್ನಡ ಪುಸ್ತಕಗಳ ಹೆಸರು, ಪ್ರಕಾಶಕರು, ಬೆಲೆ, ಯಾವ ತರಗತಿಗೆ ಎಂಬ ವಿವರವನ್ನು ಈ ಪತ್ರಿಕೆಗೆ ಕಳುಹಿಸಬೇಕೆಂದು ಕೋರುತ್ತೇವೆ. ಬಂದ ಪಟ್ಟಿಗಳನ್ನು ಒಟ್ಟುಗೂಡಿಸಿ ಪ್ರಕಟಿಸುತ್ತೇವೆ. ಅದೇ ಪಟ್ಟಿಯನ್ನು ಆಯಾ ರಾಜ್ಯದ ಶಿಕ್ಷಣ ಇಲಾಖೆಗೆ ಬರಹದಲ್ಲಿ ಸಲ್ಲಿಸಬಹುದು. ಮುಖ್ಯೋಪಾಧ್ಯಾಯರು, ಅಧ್ಯಾಪಕ ಬಂಧುಗಳು, ಪಾಲಕರು ಈ ಕೆಲಸದಲ್ಲಿ ಕೈಜೋಡಿಸಲಿ.