ಅಳತೆಯ ಸೈಕಲ್ಲು

ಅಂಗಿಯನ್ನು ಅಳತೆ ಕೊಟ್ಟು ಹೊಲಿಸಿಕೊಳ್ಳುವುದು ನಮಗೆ ಸಹಜವಾಗಿ ಕಾಣುತ್ತದೆ. ಸೈಕಲ್ಲನ್ನು ಅಳತೆ ಕೊಟ್ಟು ಕಟ್ಟಿಸಿಕೊಳ್ಳುವವನನ್ನು ಕಂಡರೆ ಮಾತ್ರ ಶೋಕಿಲಾಲನೆಂದು ನಗುತ್ತೇವೆ. 2006-07ರಲ್ಲಿ ಸರ್ಕಾರವು ಶಾಲೆಯ ಮಕ್ಕಳಿಗೆ ಸೈಕಲ್ಲು ಹಂಚತೊಡಗಿದಾಗ ಎಷ್ಟೋ ಹಳ್ಳಿಯ ಹುಡುಗಿಯರಿಗೆ ಪ್ರೌಢಶಾಲೆಯ ದಾರಿ ಹತ್ತಿರವಾಯಿತು. ಅದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಎಂಟನೆಯ ತರಗತಿಯ ಮಕ್ಕಳೆಲ್ಲರ ಕಾಲೂ ಒಂದೇ ಉದ್ದವಲ್ಲ. ಸೀಟನ್ನು ಏರಿಸಬಹುದು, ಇಳಿಸಬಹುದು, ಫ್ರೇಮನ್ನು ಹಿಗ್ಗಿಸಲಾಗದು.

ಒಬ್ಬೊಬ್ಬರ ಮೈಗೆ ತಕ್ಕಂತೆ ಕೈಯಿಂದಲೇ ಫ್ರೇಮು ಕಟ್ಟುವ ಕಸಬುದಾರರು ಇಂಗ್ಲೆಂಡ್, ಇಟಲಿ, ಜಪಾನುಗಳಲ್ಲಿ ಇಂದಿಗೂ ಇದ್ದಾರೆ. ಗಿರಾಕಿಯನ್ನು ವರ್ಷಗಟ್ಟಲೆ ಕಾಯಿಸುವವರೂ ಅವರಲ್ಲುಂಟು. ಇಂಥವರಲ್ಲಿ ಒಬ್ಬನನ್ನು ಆರಿಸುವಾಗ ನಮ್ಮ ಅಭಿರುಚಿ ಯಾವುದರ ಮೇಲೆ ನಿಲ್ಲಬೇಕು? ಬಹುಮಂದಿ ಹೆಸರಿಗೂ ಬಣ್ಣಕ್ಕೂ ಮರುಳಾಗುತ್ತಾರೆ. ಬಣ್ಣವಾದರೋ ಬೆಸುಗೆಯ ದೋಷವನ್ನು ಮುಚ್ಚುವುದರಲ್ಲಿ ನಿಸ್ಸೀಮ. ಕೊಳವೆಗಳು ಕೂಡುವೆಡೆ ಉರಿ ಹೆಚ್ಚಾದರೆ ತೆಳು ಉಕ್ಕು ತನ್ನ ಸತ್ತ್ವ ಕಳೆದುಕೊಳ್ಳುತ್ತದೆ. ಅದು ತಿಳಿಯುವುದು ಹಲವು ಮಳೆಗಾಲಗಳ ತರುವಾಯ. ತುದಿಯಲ್ಲಿ ದಪ್ಪವಾಗಿಯೂ ನಡುವೆ ತೆಳುವಾಗಿಯೂ ಇರುವ ಕೊಳವೆಗೆ ರೆನಾಲ್ಡ್ಸ್ ಎಂಬಾತ 1897ರಲ್ಲಿ ಪೇಟೆಂಟು ಪಡೆದದ್ದು ಈ ಕೂಡುವೆಡೆಗೆ ಬಲ ಬರಲೆಂದೇ.

ಗಾಡಿ ಮಾಡಿಸುವ ರೈತನಿಗೆ ಇದೆಲ್ಲ ಹೊಸ ಮಾತಲ್ಲ. ಬಡಗಿಯ ಮನೆಯಂಗಳದಲ್ಲಿ ನಿಂತ ಹೊಸ ಗಾಡಿಯನ್ನು ಅವನು ನೋಡಿಯೂ ನೋಡದಂತಿರುತ್ತಾನೆ. ಅದೇ ಬಡಗಿ ಹತ್ತು ವರ್ಷದ ಹಿಂದೆ ಮಾಡಿದ ಗಾಲಿ ಈಗ ಹೇಗಿದೆಯೆಂದು ಊರಲ್ಲಿ ವಿಚಾರಿಸುತ್ತಾನೆ. ಒಮ್ಮೆ ಬಡಗಿಯನ್ನು ಗೊತ್ತುಮಾಡಿದ ಮೇಲೆ ಅರೆಕಾಲು ಎಷ್ಟು ದಪ್ಪವಿರಬೇಕೆಂದು ಅವನಿಗೆ ಪಾಠ ಹೇಳಲು ಹೋಗುವುದಿಲ್ಲ. ಓದಿದವರಾದ ನಾವು ತದ್ವಿರುದ್ಧ. ಯಾರ ಕೈಯಾದರೂ ಸರಿಯೆಂದು ಒಬ್ಬನನ್ನು ಹಿಡಿದು, ಅನಂತರ ಹೆಜ್ಜೆಹೆಜ್ಜೆಗೂ ಅವನ ಕೈ ತಡೆಯುತ್ತೇವೆ.

ನನ್ನನ್ನು ಕೇಳಿದರೆ, ಯಾವ ಬಣ್ಣ ಬೇಕೆಂದು ಮೊದಲು ಕೇಳುವವನನ್ನು ಬಿಟ್ಟು, ಯಾವ ದಾರಿಯಲ್ಲಿ ಓಡಾಡುತ್ತೀರೆಂದು ಕೇಳುವವನ ಹತ್ತಿರ ಹೋಗುತ್ತೇನೆ. ಕಾಲು, ತೋಳುಗಳ ಅಳತೆಯನ್ನು ಯಾರೂ ತೆಗೆದಾರು. ಆದರೆ ನಯವಾದ ಹೆದ್ದಾರಿಗೆ ಹೇಳಿಸಿದ ನೆಟ್ಟಗಿನ ಮುಂಭಾಗವು ಹಳಿಯಾಳದಿಂದ ಕಾಡಿನತ್ತ ಹೋಗುವ ಕಲ್ಲುದಾರಿಯಲ್ಲಿ ಅಂಗೈಯನ್ನು ಜುಮ್ಮೆನಿಸುತ್ತದೆ. ಅಲ್ಲಿಗೆ ಮುಂಭಾಗ ಕೊಂಚ ಹಿಂದಕ್ಕೆ ಓರೆಯಾಗಿ, ಗಾಲಿಗಳ ನಡುವಣ ಅಂತರ ತುಸು ಹೆಚ್ಚಾಗಿರಬೇಕು.

ಉಕ್ಕೇ ಆಗಬೇಕೆಂದೇನೂ ಇಲ್ಲ. ಇಂಗ್ಲೆಂಡಿನಲ್ಲಿ 1894ರಷ್ಟು ಹಿಂದೆಯೇ ಬಿದಿರಿನ ಸೈಕಲ್ಲು ಕಾಣಿಸಿಕೊಂಡಿತು. ನಮ್ಮ ಕಾಲದಲ್ಲಿ ಬೆಂಗಳೂರಿನಲ್ಲಿ ಬಾಂಬೂಚಿ ಎಂಬ ಹೆಸರಿನಿಂದ ಅಂಥವನ್ನು ಕಟ್ಟಿದರು. ಗಳುಗಳನ್ನು ಒಣಗಿಸಿ, ಕೂಡುವೆಡೆಯಲ್ಲಿ ಅಂಟಿನಲ್ಲಿ ಅದ್ದಿದ ನಾರನ್ನು ಬಿಗಿಯಾಗಿ ಸುತ್ತುವುದು ಅದರ ಕ್ರಮ. ಬಿದಿರಿಗೆ ನಮ್ಮಲ್ಲೇನು ಬರವೇ? 1955ರಲ್ಲಿ ಸ್ಥಾಪಿತವಾದ ದಾಂಡೇಲಿಯ ಕಾಗದದ ಗಿರಣಿ ಬಹುಕಾಲ ಈ ಕಾಡಿನ ಬಿದಿರನ್ನೇ ಅರೆದು ಕಾಗದ ಮಾಡಿತು. (ಆ ಕಾಗದದ ಮೇಲೆ ನಾವೆಲ್ಲ ಪ್ರಬಂಧ ಬರೆದೆವೆನ್ನುವುದು ಬೇರೆ ಮಾತು.) ಯಾವ ಋತುವಿನಲ್ಲಿ ಕಡಿದರೆ ಹುಳು ಹಿಡಿಯದು, ಯಾವ ಗಳು ಗಟ್ಟಿ, ಯಾವುದು ಪೊಳ್ಳು ಎಂಬುದನ್ನು ಮೇದಾರರಿಗೆ ಯಾರೂ ಕಲಿಸಬೇಕಾಗಿಲ್ಲ.

ಆ ಮನೆತನಗಳ ಹುಡುಗನೊಬ್ಬ ನಾಳೆ ಹಳಿಯಾಳದ ಪೇಟೆಯಲ್ಲಿ ಫ್ರೇಮು ಕಟ್ಟಲು ಕುಳಿತನೆಂದರೆ ಇಟಲಿಯ ಹೆಸರಾಂತ ಕಸಬುದಾರನಿಗೆ ನಾನು ದೂರದಿಂದಲೇ ಕೈಮುಗಿಯುತ್ತೇನೆ. ಹುಡುಗನ ಮೊದಲ ಫ್ರೇಮು ಕಿರುಗುಟ್ಟಬಹುದು. ಸಂತೆಯ ದಿನ ಅದನ್ನೇ ಏರಿ ಹೋಗಿ ಅವನ ಮುಂದೆ ನಿಲ್ಲಿಸಬಹುದಲ್ಲ!