ಫಾರ್ಮ್ಯಾಟ್‌ಗೂ ಮುನ್ನ ಬ್ಯಾಕಪ್

ಲ್ಯಾಪ್‌ಟಾಪ್ ನಿಧಾನವಾದರೆ ದೇವದುರ್ಗ, ಮಾನ್ವಿಯ ನಮ್ಮಂಥವರು ರಾಯಚೂರಿನ ಬಸ್ ಹತ್ತುತ್ತೇವೆ. ಅಂಗಡಿಯಲ್ಲಿ ‘ಫಾರ್ಮ್ಯಾಟ್ ಮಾಡಲಾ?’ ಎಂದಾಗ ನಾನೂ ಹೂಂ ಅಂದಿದ್ದೆ. ಡಿ ಡ್ರೈವ್‌ನಲ್ಲಿರುವುದು ಉಳಿಯುತ್ತದೆ ಎಂಬ ನಂಬಿಕೆ. ಪಾರ್ಟಿಷನ್‌ಗಳನ್ನೆಲ್ಲ ಅಳಿಸಿ ವಿಂಡೋಸ್ ಹಾಕಿದ್ದರಿಂದ ಅಂಕಪಟ್ಟಿ, 371(ಜೆ) ಪ್ರಮಾಣಪತ್ರದ ಸ್ಕ್ಯಾನ್ ಪ್ರತಿಗಳೂ ಹೋದವು. ನೌಕರಿಯ ಅರ್ಜಿಗೆ ಎರಡೇ ದಿನ ಉಳಿದಿತ್ತು!

ಆಮೇಲೆ ಈ ಕೆಲಸ ನಾನೇ ಕಲಿತೆ. ಮೊದಲು ಕಡತಗಳ ನಕಲು ಬೇರೆ ಕಡೆ ಇಡಬೇಕು. ನಂತರ 8 ಜಿಬಿಯ ಖಾಲಿ ಪೆನ್‌ಡ್ರೈವ್‌ಗೆ ಮೈಕ್ರೋಸಾಫ್ಟ್ ಜಾಲತಾಣದಿಂದಲೇ ಇನ್‌ಸ್ಟಾಲರ್ ಇಳಿಸಿಕೊಳ್ಳಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಒಪ್ಪದ ಹಳೆ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್ ಉಚಿತ. ಬಯೋಡೇಟಾದಲ್ಲಿ ‘ಕಂಪ್ಯೂಟರ್ ಜ್ಞಾನ’ ಎಂದು ಬರೆಯುವ ನಾವು ಇಷ್ಟಾದರೂ ಕಲಿಯಬೇಡವೇ?