ಮೊದಲು ಪಟ್ಟಿ, ಆಮೇಲೆ ಬೆಲೆ

ಹಳೆಯ ಗ್ರಾಮಾಫೋನ್ ರೆಕಾರ್ಡುಗಳಿಗೆ ಈಗ ಒಳ್ಳೆ ಬೆಲೆಯಂತೆ ಎಂದು ಕೇಳಿ ಅಟ್ಟ ಹುಡುಕುವವರು ನಮ್ಮ ಗಡಿ ಊರುಗಳಲ್ಲೂ ಇದ್ದಾರೆ. ಸಂತೋಷ. ಆದರೆ ಗುಜರಿಗೆ ತೂಗಿ ಹಾಕುವ ಮೊದಲು ನಮ್ಮದೂ ಎರಡು ಮಾತು ಕೇಳಿ.

ಈ ವ್ಯಾಪಾರದ ಒಂದು ದೊಡ್ಡ ಸಂತೆ ಅಂತರ್ಜಾಲದ ಡಿಸ್ಕಾಗ್ಸ್. 2000ದಲ್ಲಿ ಅಮೆರಿಕದ ಕೆವಿನ್ ಲೆವಾಂಡೋವ್ಸ್ಕಿ ಅದನ್ನು ಶುರು ಮಾಡಿದ್ದು ಎಲೆಕ್ಟ್ರಾನಿಕ್ ಸಂಗೀತದ ಬರೀ ಒಂದು ಪಟ್ಟಿಯಾಗಿ. ಮಾರಾಟ ಬಂದದ್ದು ಆಮೇಲೆ. ಇಂದಿಗೂ ಪಟ್ಟಿಯಲ್ಲಿ ಇಲ್ಲದ ರೆಕಾರ್ಡನ್ನು ಅಲ್ಲಿ ಮಾರುವಂತಿಲ್ಲ. ಪಟ್ಟಿ ತುಂಬುವವರು ಬಳಕೆದಾರರೇ: ಕಂಪನಿ, ಕ್ರಮಸಂಖ್ಯೆ, ಲೇಬಲ್ಲಿನ ಬಣ್ಣ, ಹಾಡು ಮುಗಿಯುವ ಅಂಚಿನಲ್ಲಿ ಕೆತ್ತಿದ ಅಕ್ಷರಗಳು ಸಹ!

ಇಷ್ಟು ಕೂಲಂಕಷ ಯಾಕೆ? ಬೀಟಲ್ಸ್ ತಂಡದ 1963ರ 'ಪ್ಲೀಸ್ ಪ್ಲೀಸ್ ಮಿ' ನೋಡಿ. ಮೊದಲು ಅಚ್ಚಾದವಕ್ಕೆ ಕಪ್ಪು-ಚಿನ್ನದ ಬಣ್ಣದ ಲೇಬಲ್, ಸ್ವಲ್ಪದರಲ್ಲೇ ಅದು ಕಪ್ಪು-ಹಳದಿ ಆಯಿತು. ಹಾಡುಗಳು ಅವೇ. ಆದರೂ ಮೊದಲಿನದರ ಸ್ಟೀರಿಯೋ ಪ್ರತಿಗೆ ಸಾವಿರಾರು ಪೌಂಡು. ವ್ಯತ್ಯಾಸ ಬರೆದಿಟ್ಟವರು ಇದ್ದಾರೆ, ಅದಕ್ಕೇ ಬೆಲೆಯೂ ಇದೆ.

ಬೆಲೆ ಕಟ್ಟುವುದರಲ್ಲೂ ಒಂದು ಶಿಸ್ತಿದೆ. ಹಿಂದೆ ಮಾರಾಟವಾದ ಕಡಿಮೆ, ನಡು, ಹೆಚ್ಚಿನ ದರಗಳನ್ನು ನೋಡಬಹುದು. ಎಷ್ಟು ಜನರ ಬಳಿ ಇದೆ, ಎಷ್ಟು ಜನರಿಗೆ ಬೇಕು ಎಂಬುದೂ ಕಾಣುತ್ತದೆ. ರೆಕಾರ್ಡಿಗೊಂದು, ಹೊದಿಕೆಗೊಂದು ಬೇರೆ ಬೇರೆ ದರ್ಜೆ. ಗೀರು ಬಿದ್ದದ್ದನ್ನು ಹೊಸದು ಎಂದರೆ ಕೊಂಡವನು ಬಿಡುವುದಿಲ್ಲ.

ಈಗ ನಮ್ಮ ಮಾತಿಗೆ ಬರೋಣ. ಕನ್ನಡ ಹಾಡಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚು ಹಾಕಿದರೆ 'ಬಾಳು' ಯಾವುದು, 'ಬಲು' ಯಾವುದು? ದೂರದ ಸಂಗ್ರಾಹಕನಿಗೆ ಎರಡೂ ಒಂದೇ. ಬಿಡಿಸಿ ಹೇಳಬಲ್ಲವರು ಕನ್ನಡ ಓದಿದವರು ಮಾತ್ರ. ಜಪಾನಿನ ಎಷ್ಟೋ ರೆಕಾರ್ಡುಗಳ ಹೆಸರು ಅಲ್ಲಿ ಜಪಾನಿ ಲಿಪಿಯಲ್ಲೇ ಇವೆ. ನಮ್ಮವು ಯಾಕೆ ಕನ್ನಡದಲ್ಲಿ ಇರಬಾರದು?

ಹಾಗಂತ ಲಕ್ಷಗಳ ಕನಸು ಬೇಡ. ಕೇಳುವವರಿಲ್ಲದ ರೆಕಾರ್ಡು ಎಷ್ಟೇ ಹಳೆಯದಾದರೂ ಹೆಚ್ಚು ಬೆಲೆ ತರುವುದಿಲ್ಲ. ಮಾರುವುದೂ ತಪ್ಪಲ್ಲ, ಮನೆಯಲ್ಲಿ ಗೆದ್ದಲು ಹಿಡಿಯುವುದಕ್ಕಿಂತ ಕೇಳುವವನ ಕೈ ಸೇರಲಿ. ಆದರೆ ಏನಿತ್ತು ಎಂದು ಬರೆದಿಡದೆ ಕೊಟ್ಟರೆ ರೆಕಾರ್ಡೂ ಹೋಯಿತು, ಅದು ನಮ್ಮ ಮನೆಯಲ್ಲಿ ಇತ್ತೆಂಬ ಗುರುತೂ ಹೋಯಿತು.

ಏಳನೇ ತರಗತಿಯ ಮಕ್ಕಳಿಗೂ ಆಗುವ ಕೆಲಸ ಇದು. ಒಂದು ನೋಟ್‌ಬುಕ್ಕು ಸಾಕು: ಹಾಡು, ಗಾಯಕರು, ಕಂಪನಿ, ಸಂಖ್ಯೆ, ಇಸವಿ. ಈ ರಜೆಯಲ್ಲಿ ಬರೆಸಿ ನೋಡೋಣ. ಏನಂತೀರಿ?